ಕೋಳಿ ಮನೆಗೆ ನುಗ್ಗುತ್ತಿರುವುದು ನರಿಯೋ, ಬೇರೆ ಪ್ರಾಣಿಯೋ? ಹೊಳಲ್ಕೆರೆ ಕಡೆಯ ತೋಟದಿಂದ

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಮನೆಯಲ್ಲಿ ಎರಡು ವರ್ಷದಿಂದ ನಾಟಿ ಕೋಳಿ ಸಾಕುತ್ತಿದ್ದೇನೆ. ಕಳೆದ ಮೂರು ವಾರಗಳಲ್ಲಿ ನಾಲ್ಕು ಹೇಂಟೆ, ಒಂದು ಹುಂಜ ಮತ್ತು ಆರು ಮರಿಗಳು ಹೋಗಿವೆ. ಮೊದಲ ಸಲ ಬೆಳಗ್ಗೆ ಬಾಗಿಲು ತೆಗೆದಾಗ ಒಂದು ಹೇಂಟೆ ಒಳಗೇ ಸತ್ತು ಬಿದ್ದಿತ್ತು. ತಲೆ ಇರಲಿಲ್ಲ, ಕತ್ತು ಅರ್ಧ ತಿಂದಿತ್ತು, ಮೈ ಹಾಗೆಯೇ ಇತ್ತು. ನಾಲ್ಕು ದಿನ ಬಿಟ್ಟು ಎರಡು, ಮೊನ್ನೆ ರಾತ್ರಿ ಹುಂಜವೂ ಇನ್ನೊಂದು ಹೇಂಟೆಯೂ ಅದೇ ರೀತಿ ಸತ್ತವು. ಮರಿಗಳ ಕಥೆ ಬೇರೆ: ತಾಯಿಯ ಜೊತೆ ಹನ್ನೊಂದು ಇದ್ದವು, ಈಗ ಐದು ಉಳಿದಿವೆ. ಸಂಜೆ ಎಣಿಸುವಾಗ ಒಂದೊಂದೇ ಕಡಿಮೆಯಾಗಿರುತ್ತದೆ, ಒಂದು ಪುಕ್ಕ ಕೂಡ ಸಿಗುವುದಿಲ್ಲ.

ಕೋಳಿ ಮನೆ ಹತ್ತು ಅಡಿಗೆ ಹದಿನಾಲ್ಕು ಅಡಿ ಇದೆ. ಮೂರು ಅಡಿ ಇಟ್ಟಿಗೆ ಗೋಡೆ, ಅದರ ಮೇಲೆ ಏಳು ಅಡಿಯವರೆಗೆ ಕೋಳಿ ಜಾಲರಿ, ಮೇಲೆ ತಗಡು. ಬಾಗಿಲಿಗೆ ಚಿಲಕವಿದೆ. ಜಾಲರಿ ಎಲ್ಲಿಯೂ ಹರಿದಿಲ್ಲ, ನೆಲ ಎಲ್ಲಿಯೂ ತೋಡಿಲ್ಲ. ಗುಡ್ಡದ ಕಡೆಯಿಂದ ರಾತ್ರಿ ಕೂಗು ಕೇಳುವುದರಿಂದ ಊರಿನವರೆಲ್ಲ ನರಿಯದೇ ಕೆಲಸ ಎನ್ನುತ್ತಾರೆ. ಸತ್ತ ಕೋಳಿಗೆ ಔಷಧಿ ಸವರಿ ಹೊರಗಿಡು ಎಂದು ಪಕ್ಕದ ತೋಟದವರು, ಉರುಳು ಹಾಕು ಎಂದು ನಮ್ಮ ಮಾವನವರು ಹೇಳುತ್ತಿದ್ದಾರೆ. ಯಾವುದಕ್ಕೂ ಕೈ ಹಾಕುವ ಮೊದಲು ತಿಳಿದವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ.

ಉತ್ತರ: ಚನ್ನಗಿರಿ ತಾಲ್ಲೂಕಿನಿಂದ

ಕೇಳಿದ್ದು ಒಳ್ಳೆಯದಾಯಿತು. ಔಷಧಿಯ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ, ದಯವಿಟ್ಟು ಅದನ್ನು ಮಾಡಬೇಡಿ. ವಿಷ ಸವರಿದ ಕೋಳಿಯನ್ನು ನೀವು ನೆನೆದ ಪ್ರಾಣಿಯೇ ತಿನ್ನುತ್ತದೆ ಎಂಬ ಖಾತರಿ ಇಲ್ಲ. ನಿಮ್ಮ ಮನೆಯ ನಾಯಿ, ಪಕ್ಕದವರ ಬೆಕ್ಕು, ಕಾಗೆ, ಹದ್ದು ಎಲ್ಲವೂ ಅದಕ್ಕೆ ಬಾಯಿ ಹಾಕುತ್ತವೆ. ನರಿ, ಕಾಡುಬೆಕ್ಕು, ಪುನುಗು ಬೆಕ್ಕು, ಮುಂಗುಸಿ, ಉಡ ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ವಿಷ, ಉರುಳು, ಬೇಲಿಗೆ ಕರೆಂಟು ಕೊಡುವುದು ಎಲ್ಲವೂ ಅಪರಾಧ. ಕರೆಂಟು ಹರಿಸಿದ ತಂತಿಯಂತೂ ರಾತ್ರಿ ಮೋಟಾರು ಹಾಕಲು ಹೋದ ಮನುಷ್ಯನನ್ನೇ ತೆಗೆದುಕೊಂಡು ಹೋಗುತ್ತದೆ.

ಈಗ ನರಿಯ ವಿಚಾರ. ನರಿ ಕೋಳಿಯನ್ನು ಹಿಡಿದರೆ ಅಲ್ಲಿಯೇ ಕುಳಿತು ತಲೆ ಮಾತ್ರ ತಿಂದು ಹೋಗುವುದು ಅಪರೂಪ. ಕಚ್ಚಿಕೊಂಡು ಬದುವಿನ ಮರೆಗೋ ಸೀಮೆಜಾಲಿ ಮೆಳೆಗೋ ಒಯ್ಯುತ್ತದೆ, ದಾರಿಯುದ್ದಕ್ಕೂ ಪುಕ್ಕ ಉದುರಿರುತ್ತದೆ. ಅದು ಒಳಗೆ ಬರಬೇಕಾದರೆ ನೆಲ ತೋಡಬೇಕು ಅಥವಾ ಬಾಗಿಲು ತೆರೆದಿರಬೇಕು. ನೀವು ಹೇಳಿದ ಪ್ರಕಾರ ಎರಡೂ ಇಲ್ಲ. ಗುಡ್ಡದಲ್ಲಿ ನರಿ ಕೂಗಿದ್ದು ನಿಜವಿರಬಹುದು, ಆದರೆ ಕೂಗು ಕೇಳಿದ್ದಕ್ಕೂ ನಿಮ್ಮ ಕೋಳಿ ಸತ್ತದ್ದಕ್ಕೂ ನಂಟು ಕಟ್ಟಲು ಇಷ್ಟು ಸಾಲದು.

ನಿಮ್ಮ ಬರಹದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ದೊಡ್ಡ ಕೋಳಿಗಳು ರಾತ್ರಿ ಮನೆಯೊಳಗೆ ಸಾಯುತ್ತಿವೆ, ಮರಿಗಳು ಹಗಲು ಅಂಗಳದಿಂದ ಮಾಯವಾಗುತ್ತಿವೆ ಎಂಬುದು. ಎರಡಕ್ಕೂ ಒಂದೇ ಪ್ರಾಣಿಯನ್ನು ಹುಡುಕಲು ಹೊರಟರೆ ಲೆಕ್ಕ ತಪ್ಪುತ್ತದೆ. ಮುಂಗುಸಿ, ಗಿಡುಗ, ಉಡ, ಕಾಗೆ ಇವು ಹಗಲಿನವು. ಪುನುಗು ಬೆಕ್ಕು, ಮರಬೆಕ್ಕು, ಗೂಬೆ, ಹೆಗ್ಗಣ ಇವು ರಾತ್ರಿಯವು. ಕಾಡುಬೆಕ್ಕು ಮುಸ್ಸಂಜೆಯಲ್ಲೂ ನಸುಕಿನಲ್ಲೂ ಹೆಚ್ಚು ಓಡಾಡುತ್ತದೆ. ಆದ್ದರಿಂದ ಎರಡು ಪ್ರಕರಣ ಎಂದೇ ಇಟ್ಟುಕೊಂಡು ಬೇರೆ ಬೇರೆಯಾಗಿ ನೋಡೋಣ.

ಮುಂದಿನ ಸಲ ಕೋಳಿ ಸತ್ತರೆ ಕೂಡಲೇ ಎಸೆಯಬೇಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಕತ್ತಿನ ಉಳಿದ ಭಾಗದ ಮತ್ತು ಬೆನ್ನಿನ ಪುಕ್ಕ ಕಿತ್ತು, ಬ್ಲೇಡಿನಿಂದ ಚರ್ಮವನ್ನು ಬಿಡಿಸಿ ಒಳಮೈ ನೋಡಿ. ಬದುಕಿದ್ದಾಗ ಕಚ್ಚಿದ್ದರೆ ಹಲ್ಲಿನ ತೂತಿನ ಸುತ್ತ ರಕ್ತ ಹೆಪ್ಪುಗಟ್ಟಿ ಚರ್ಮದ ಕೆಳಗೆ ಕಪ್ಪಗೆ ಹರಡಿರುತ್ತದೆ. ರೋಗದಿಂದ ಸತ್ತ ಮೇಲೆ ಯಾವುದೋ ಪ್ರಾಣಿ ಬಂದು ತಿಂದಿದ್ದರೆ ಅಲ್ಲಿ ಮಾಂಸ ಬಿಳಿಚಿಕೊಂಡೇ ಇರುತ್ತದೆ. ಕೊಕ್ಕರೆ ರೋಗದಿಂದ ಸತ್ತ ಕೋಳಿಯನ್ನು ಹೆಗ್ಗಣ ತಿಂದದ್ದಕ್ಕೆ ಕಾಡುಬೆಕ್ಕಿನ ಮೇಲೆ ತಪ್ಪು ಹೊರಿಸಿದವರನ್ನು ನಾನು ನೋಡಿದ್ದೇನೆ. ಎರಡು ಕೋರೆಹಲ್ಲಿನ ತೂತುಗಳ ನಡುವಿನ ಅಂತರವನ್ನೂ ಅಳೆಯಿರಿ: ಮುಂಗುಸಿಯದಾದರೆ ಸುಮಾರು ಅರ್ಧ ಅಂಗುಲ, ಊರ ನಾಯಿಯದಾದರೆ ಒಂದೂವರೆ ಅಂಗುಲದ ಆಸುಪಾಸು ಇರುತ್ತದೆ.

ಎರಡನೆಯದಾಗಿ ಬೂದಿ. ಒಲೆಯ ಬೂದಿಯನ್ನು ಜರಡಿ ಹಿಡಿದು, ಸಂಜೆ ಕೋಳಿ ಸೇರಿಸಿದ ಮೇಲೆ ಗೂಡಿನ ಸುತ್ತ ಒಂದು ಮೊಳ ಅಗಲಕ್ಕೆ ತೆಳ್ಳಗೆ ಹರಡಿ. ನೆಲದಲ್ಲಿ ಮಾತ್ರವಲ್ಲ, ಗೋಡೆಯ ನೆತ್ತಿಯ ಮೇಲೂ ಹಾಕಿ. ನಾಯಿ ಮತ್ತು ನರಿಯದು ನಾಲ್ಕು ಬೆರಳು, ಉಗುರಿನ ಗುರುತು ಇರುತ್ತದೆ. ಕಾಡುಬೆಕ್ಕಿನದೂ ನಾಲ್ಕು ಬೆರಳೇ, ಆದರೆ ದುಂಡಗೆ, ಉಗುರಿಲ್ಲದೆ ಮೂಡುತ್ತದೆ. ಮುಂಗುಸಿಗೂ ಮರಬೆಕ್ಕಿಗೂ ಐದು ಬೆರಳು. ನಮ್ಮ ಕಡೆ ಕಾಡುಬೆಕ್ಕು, ಪುನುಗು ಬೆಕ್ಕು, ಮರಬೆಕ್ಕು ಎಲ್ಲವನ್ನೂ ಸೇರಿಸಿ ಕಾಡುಬೆಕ್ಕು ಎಂದು ಒಂದೇ ಹೆಸರಿನಿಂದ ಕರೆಯುವ ರೂಢಿ ಇರುವುದರಿಂದ ಹೆಸರಿಗಿಂತ ಹೆಜ್ಜೆಯನ್ನು ನಂಬುವುದು ಲೇಸು.

ಮರಿಗಳಿಗಾಗಿ ಒಂದು ಪೂರ್ತಿ ದಿನ ಅಂಗಳದಲ್ಲಿ ಕುಳಿತುಕೊಳ್ಳಿ. ತಾಯಿ ಕೋಳಿ ಹೇಗೆ ಕೂಗುತ್ತದೆ ಎಂಬುದನ್ನು ಕೇಳಿ. ಆಕಾಶದಿಂದ ಅಪಾಯ ಬಂದರೆ ಅದು ಒಂದೇ ಎಳೆಯ ಕೀರಲು ದನಿ ತೆಗೆದು, ಎಲ್ಲ ಕೋಳಿಗಳೂ ನೆಲಕ್ಕೆ ಅಡಗುತ್ತವೆ ಇಲ್ಲವೇ ಮರೆಗೆ ನುಗ್ಗುತ್ತವೆ. ನೆಲದ ಮೇಲಿನ ಪ್ರಾಣಿಯಾದರೆ ಕತ್ತು ನಿಗುರಿಸಿ ನಿಂತು, ಒಂದೇ ದಿಕ್ಕಿಗೆ ನೋಡುತ್ತಾ, ಕೊಕ್ಕೊಕ್ಕೊಕ್ ಎಂದು ಬಿಡದೆ ಕೂಗುತ್ತವೆ. ಕೋಳಿಗಳು ಅಪಾಯವನ್ನು ಹೆಸರಿಟ್ಟು ಹೇಳುತ್ತವೆ ಎಂದರೂ ತಪ್ಪಿಲ್ಲ.

ಉತ್ತರ: ಜಗಳೂರು ತಾಲ್ಲೂಕಿನಿಂದ

ನನ್ನ ಅನುಭವ ಒಂದನ್ನು ಸೇರಿಸುತ್ತೇನೆ. ನಮ್ಮಲ್ಲಿ ಒಂದೇ ರಾತ್ರಿ ಹದಿನಾಲ್ಕು ಗಿರಿರಾಜ ಕೋಳಿಗಳು ಸತ್ತಾಗ ರಂಗಯ್ಯನದುರ್ಗದ ಕಾಡಿನಿಂದ ಏನೋ ಬಂದಿದೆ ಎಂದು ಊರೆಲ್ಲ ಸುದ್ದಿಯಾಯಿತು. ಜಾಲರಿಯನ್ನು ಬುಡದಲ್ಲಿ ಹಲ್ಲಿನಿಂದ ಎಳೆದು ಬಗ್ಗಿಸಲಾಗಿತ್ತು. ಕೋಳಿಗಳ ಬೆನ್ನು ಮತ್ತು ತೊಡೆ ಕಚ್ಚಿ ಹರಿದಿದ್ದವು, ಆದರೆ ಒಂದನ್ನೂ ತಿಂದಿರಲಿಲ್ಲ, ಅಂಗಳದ ತುಂಬ ಚೆಲ್ಲಾಡಿದ್ದವು. ಅದು ಊರ ನಾಯಿಗಳ ಗುಂಪು. ಹಸಿದ ಕಾಡುಪ್ರಾಣಿ ಇಷ್ಟು ಕೊಂದು ಬಿಟ್ಟು ಹೋಗುವುದು ಕಡಿಮೆ. ನಿಮ್ಮದು ಹಾಗಿಲ್ಲ, ಆದ್ದರಿಂದ ನಾಯಿಯನ್ನು ಪಟ್ಟಿಯಿಂದ ತೆಗೆಯಬಹುದು ಎನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಚನ್ನಗಿರಿಯ ಅಣ್ಣನವರಿಗೂ ಜಗಳೂರಿನವರಿಗೂ ವಂದನೆಗಳು. ಆರು ದಿನ ನೀವು ಹೇಳಿದಂತೆಯೇ ಮಾಡಿದೆ. ಮೊದಲ ಎರಡು ರಾತ್ರಿ ನೆಲದ ಬೂದಿಯಲ್ಲಿ ಹೆಗ್ಗಣದ ಹೆಜ್ಜೆ ಬಿಟ್ಟರೆ ಏನೂ ಇರಲಿಲ್ಲ. ಮೂರನೆಯ ರಾತ್ರಿ ಮತ್ತೊಂದು ಹೇಂಟೆ ಹೋಯಿತು. ನೆಲದ ಬೂದಿ ಆಗಲೂ ಹಾಕಿದ ಹಾಗೆಯೇ ಇತ್ತು! ನಾನು ಬೇಸರದಿಂದ ಒಳಗೆ ನಿಂತು ಮೇಲೆ ನೋಡಿದಾಗ, ಜಾಲರಿಯ ಮೇಲ್ತುದಿಗೂ ತಗಡಿಗೂ ನಡುವೆ, ತಗಡು ಏರಿಳಿಯುವ ಕಡೆ, ನಾಲ್ಕು ಬೆರಳು ಅಗಲದ ಸಂದು ಇರುವುದು ಕಂಡಿತು. ಎರಡು ವರ್ಷ ಆ ಮನೆಗೆ ದಿನಕ್ಕೆರಡು ಸಲ ಹೋಗಿ ಬಂದಿದ್ದೇನೆ, ಅದನ್ನು ಗಮನಿಸಿಯೇ ಇರಲಿಲ್ಲ. ಆ ಸಂದಿನ ಅಡ್ಡಪಟ್ಟಿ ಉಜ್ಜಿ ಉಜ್ಜಿ ಜಿಡ್ಡುಗಟ್ಟಿ ಹೊಳೆಯುತ್ತಿತ್ತು, ಅದರ ಬಿರುಕಿನಲ್ಲಿ ಮೂರು ನಾಲ್ಕು ಬೂದುಗಪ್ಪು ಕೂದಲು ಸಿಕ್ಕಿಕೊಂಡಿದ್ದವು.

ಏಣಿ ಹಾಕಿ ತಗಡಿನ ಮೇಲೆ ಹತ್ತಿದೆ. ಅಲ್ಲಿ ಎರಡು ಕಡೆ ಹಿಕ್ಕೆ ಬಿದ್ದಿತ್ತು, ಒಂದು ಒಣಗಿದ್ದು, ಒಂದು ಹಸಿ. ಕಡ್ಡಿಯಿಂದ ಬಿಡಿಸಿದರೆ ನೇರಳೆ ಬೀಜವೇ ತುಂಬಿತ್ತು, ನಡುವೆ ಸ್ವಲ್ಪ ಪುಕ್ಕದ ಚೂರು. ಹಿತ್ತಲಿನ ಹಲಸಿನ ಮರದ ಒಂದು ಕೊಂಬೆ ತಗಡಿನ ಮೇಲೆಯೇ ಬಾಗಿದೆ. ಮರುದಿನ ತಗಡಿನ ಅಂಚಿನಲ್ಲಿ ಬೂದಿ ಹಾಕಿದಾಗ ಐದು ಬೆರಳಿನ ಅಗಲವಾದ ಹೆಜ್ಜೆ ಮೂಡಿತು. ಸತ್ತ ಹೇಂಟೆಯ ಚರ್ಮ ಬಿಡಿಸಿ ನೋಡಿದಾಗ ಕತ್ತಿನ ಬುಡದಲ್ಲಿ ಕಪ್ಪಗೆ ರಕ್ತ ಹೆಪ್ಪುಗಟ್ಟಿತ್ತು, ಅಂದರೆ ಬದುಕಿದ್ದಾಗಲೇ ಹಿಡಿದಿದೆ.

ಮರಿಗಳಿಗಾಗಿ ಭಾನುವಾರ ಬಣವೆಯ ನೆರಳಿನಲ್ಲಿ ಕುಳಿತೆ. ಹನ್ನೊಂದು ಗಂಟೆಯ ಹೊತ್ತಿಗೆ ತಾಯಿ ಕೋಳಿ ಕತ್ತು ನೆಟ್ಟಗೆ ಮಾಡಿ ಕೊಕ್ಕೊಕ್ ಎಂದು ಶುರು ಮಾಡಿತು, ಮುಖವೆಲ್ಲ ಬಾವಿಯ ಪಕ್ಕದ ಕಲ್ಲುಗುಪ್ಪೆಯ ಕಡೆಗೆ. ನಾನು ಏಳುವಷ್ಟರಲ್ಲಿ ಮುಂಗುಸಿಯೊಂದು ಕಲ್ಲಿನ ಸಂದಿಯಿಂದ ಹೊರಟು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅದೇ ಸಂದಿಗೆ ಹೊಕ್ಕಿತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಪುಕ್ಕ ಏಕೆ ಸಿಗುತ್ತಿರಲಿಲ್ಲ ಎಂದು ಆಗ ತಿಳಿಯಿತು.

ಉತ್ತರ: ಚನ್ನಗಿರಿ ತಾಲ್ಲೂಕಿನಿಂದ

ಬಹಳ ಶ್ರದ್ಧೆಯಿಂದ ನೋಡಿದ್ದೀರಿ. ರಾತ್ರಿ ಬರುತ್ತಿರುವುದು ಮರಬೆಕ್ಕು ಎನ್ನುವುದರಲ್ಲಿ ನನಗೆ ಸಂದೇಹ ಉಳಿದಿಲ್ಲ. ಅದು ಮರದಿಂದ ಮರಕ್ಕೆ ಓಡಾಡುವ ಪ್ರಾಣಿ, ಹೆಚ್ಚಾಗಿ ಹಣ್ಣು ತಿಂದು ಬದುಕುತ್ತದೆ, ಬಂಡೆ, ಗೋಡೆ, ಮಾಡಿನಂಥ ತೆರೆದ ಎತ್ತರದ ಜಾಗದಲ್ಲಿ ಬೀಜ ತುಂಬಿದ ಹಿಕ್ಕೆ ಹಾಕುವ ಅಭ್ಯಾಸ ಅದಕ್ಕಿದೆ. ನೆಲದ ಬೂದಿ ಕೆಡದಿದ್ದುದಕ್ಕೆ ಕಾರಣವೂ ಅದೇ. ನೆಲಕ್ಕೆ ಇಳಿಯದೆಯೇ ಕೊಂಬೆಯಿಂದ ತಗಡಿಗೆ, ತಗಡಿನಿಂದ ಸಂದಿಗೆ ಬಂದು ಹೋಗಿದೆ. ಕೋಳಿ ಅದರ ಮುಖ್ಯ ಆಹಾರವಲ್ಲ, ಆದರೆ ದಾರಿ ಒಮ್ಮೆ ಗೊತ್ತಾದರೆ ಮತ್ತೆ ಮತ್ತೆ ಬರುತ್ತದೆ. ಇದನ್ನು ಹಿಡಿದು ಬೇರೆ ಕಡೆ ಬಿಟ್ಟರೂ ಆ ಕೊಂಬೆ ಮತ್ತು ಆ ಸಂದು ಇರುವವರೆಗೆ ಇನ್ನೊಂದು ಬಂದೇ ಬರುತ್ತದೆ.

ಕೆಲಸ ಇಷ್ಟು. ತಗಡಿನಿಂದ ಕನಿಷ್ಠ ಎಂಟು ಹತ್ತು ಅಡಿ ದೂರವಾಗುವಂತೆ ಹಲಸಿನ ಕೊಂಬೆಯನ್ನು ಕಡಿಸಿ. ಸಂದಿಗೆ ಕೋಳಿ ಜಾಲರಿ ಬಳಸಬೇಡಿ, ಅದು ತೆಳು, ಒತ್ತಿದರೆ ಬಾಗುತ್ತದೆ. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ತಂದು, ತಗಡಿನ ಏರಿಳಿತಕ್ಕೆ ತಕ್ಕಂತೆ ಕತ್ತರಿಸಿ, ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿಸಿ. ಮೊಳೆಯಾದರೆ ಕೆಲವು ತಿಂಗಳಿಗೆ ಸಡಿಲವಾಗುತ್ತದೆ. ಕೋಳಿಗಳು ಕೂರುವ ಬೊಂಬು ಜಾಲರಿಗೆ ತಾಗಿಕೊಂಡಿದ್ದರೆ ಒಂದೂವರೆ ಅಡಿ ಒಳಕ್ಕೆ ಸರಿಸಿ, ಇಲ್ಲವಾದರೆ ಹೊರಗಿನಿಂದಲೇ ಕತ್ತನ್ನು ಎಳೆಯುವುದುಂಟು.

ಮುಂಗುಸಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದನ್ನು ತೋಟದಿಂದ ಓಡಿಸಬೇಡಿ. ಇಲಿಯನ್ನೂ ಹಾವನ್ನೂ ಅದು ಹಿಡಿಯುವುದರಿಂದ ತೋಟದ ಮನೆಯಲ್ಲಿ ಮಕ್ಕಳಿರುವವರಿಗೆ ಅದು ಇರುವುದೇ ಕ್ಷೇಮ. ಮರಿಗಳು ಎರಡು ತಿಂಗಳಾಗುವವರೆಗೆ ಅವನ್ನು ತಾಯಿಯ ಜೊತೆ ಬುಡ ಇಲ್ಲದ ಜಾಲರಿ ಪಂಜರದಲ್ಲಿ ಬಿಟ್ಟು, ದಿನಾ ಜಾಗ ಬದಲಾಯಿಸುತ್ತಾ ಬನ್ನಿ. ಹುಳ ಹುಪ್ಪಟೆಯೂ ಸಿಗುತ್ತದೆ, ಕಾವಲೂ ಆಗುತ್ತದೆ. ಪಂಜರದ ಅಂಚು ನೆಲಕ್ಕೆ ಸರಿಯಾಗಿ ಕೂರಬೇಕು, ಎರಡು ಬೆರಳಿನ ಸಂದು ಸಿಕ್ಕರೂ ಅದು ನುಸುಳುತ್ತದೆ. ಕಲ್ಲುಗುಪ್ಪೆಯನ್ನು ಬದುವಿನ ಕಡೆಗೆ ಸಾಗಿಸಿದರೆ ಅದರ ವಾಸವೂ ತಾನಾಗಿ ಅಂಗಳದಿಂದ ದೂರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ತಿಂಗಳ ನಂತರ

ಕೊಂಬೆ ಕಡಿಸಿದೆ, ಮೆಶ್ ಹಾಕಿಸಿದೆ, ಬೊಂಬು ಸರಿಸಿದೆ. ಇಪ್ಪತ್ತೇಳು ರಾತ್ರಿ ಕಳೆದಿವೆ, ಮನೆಯೊಳಗೆ ಒಂದು ಕೋಳಿಯೂ ಸತ್ತಿಲ್ಲ. ಎರಡು ರಾತ್ರಿ ತಗಡಿನ ಮೇಲೆ ಓಡಾಡಿದ ಸದ್ದು ಕೇಳಿತು, ಬೆಳಗ್ಗೆ ಮೆಶ್ ಗಟ್ಟಿಯಾಗಿಯೇ ಇತ್ತು. ಮಾವನವರು ಬಂದು ಜಿಡ್ಡುಗಟ್ಟಿದ ಆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಉರುಳಿನ ಮಾತನ್ನು ಬಿಟ್ಟಿದ್ದಾರೆ. ಆದರೆ ನಿನ್ನೆ ಮಧ್ಯಾಹ್ನ, ಪಂಜರ ತೊಳೆಯಲು ಮರಿಗಳನ್ನು ಹೊರಗೆ ಬಿಟ್ಟಿದ್ದ ಅರ್ಧ ಗಂಟೆಯಲ್ಲಿ ಒಂದು ಮರಿ ಹೋಯಿತು. ಈ ಸಲ ತಾಯಿ ಒಂದೇ ಸಲ ಕೀರಿತು, ಉಳಿದವೆಲ್ಲ ಬಣವೆಯ ಬುಡಕ್ಕೆ ನುಗ್ಗಿದವು.

ಉತ್ತರ: ಚನ್ನಗಿರಿ ತಾಲ್ಲೂಕಿನಿಂದ

ಹಾಗಾದರೆ ಇದು ಮುಂಗುಸಿಯಲ್ಲ, ಗಿಡುಗ. ಹತ್ತಿರದ ಮರದ ಕೆಳಗೆ ನೋಡಿ, ಒಂದೇ ಕಡೆ ವರ್ತುಲವಾಗಿ ಕಿತ್ತ ಪುಕ್ಕ ಸಿಗಬಹುದು. ಹಕ್ಕಿ ಕಿತ್ತಿದ್ದರೆ ಪುಕ್ಕದ ಬುಡ ಪೂರ್ತಿಯಾಗಿರುತ್ತದೆ, ಪ್ರಾಣಿ ಕಚ್ಚಿದ್ದರೆ ಬುಡ ತುಂಡಾಗಿರುತ್ತದೆ. ಪಂಜರ ತೊಳೆಯುವ ಹೊತ್ತಿಗೆ ಮರಿಗಳನ್ನು ಮಂಕರಿಯಡಿ ಮುಚ್ಚಿಡಿ, ಅಂಗಳದ ನಡುವೆ ತೆಂಗಿನ ಗರಿಯ ಒಂದು ತಗ್ಗು ಚಪ್ಪರ ಹಾಕಿಕೊಡಿ. ಬಯಲಿನಲ್ಲಿ ಓಡಿ ಅಡಗಲು ಮರಿಗಳಿಗೆ ಹತ್ತು ಹೆಜ್ಜೆಗೊಂದು ನೆರಳು ಬೇಕು.