ದೊಡ್ಡಪ್ಪ ಕಳಿಸಿದ ಬೆಳ್ಳಿ ನೀರಿನ ವಿಡಿಯೋ

ಗುಂಪು: ಹಳೇಮನೆ ಬಳಗ

ದೊಡ್ಡಪ್ಪ, ಮೂಡಿಗೆರೆ: (ವಿಡಿಯೋ) ನ್ಯಾನೋ ಬೆಳ್ಳಿ ನೀರು. ದಿನಾ ಹತ್ತು ಹನಿ. ನೆಗಡಿ, ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲಕ್ಕೂ ಆಗುತ್ತದಂತೆ. ಮೂರು ವಾರದಿಂದ ನಾನೂ ತಗೊಳ್ಳುತ್ತಿದ್ದೇನೆ, ಅಮ್ಮನಿಗೂ ಕೊಡುತ್ತಿದ್ದೇನೆ. ಯಾರಿಗೆ ಬೇಕು ಹೇಳಿ, ಒಟ್ಟಿಗೆ ತರಿಸೋಣ.

ಪುಟ್ಟತ್ತೆ: ನನಗೊಂದು ಬಾಟಲು ಇರಲಿ ಅಣ್ಣ.

ಸುಮಾ, ಹಾಸನ: ದೊಡ್ಡಪ್ಪ, ಅತ್ತೆ, ಸ್ವಲ್ಪ ತಡೆಯಿರಿ. ಇದನ್ನು ಕುಡಿಯಬೇಡಿ. ಅಜ್ಜಿಗಂತೂ ಇವತ್ತೇ ನಿಲ್ಲಿಸಿ.

ದೊಡ್ಡಪ್ಪ: ಯಾಕಮ್ಮ? ನಿನಗೆ ಮೊದಲ ತುತ್ತು ಉಣ್ಣಿಸಿದ್ದೇ ಬೆಳ್ಳಿ ಬಟ್ಟಲಿನಿಂದ. ಆಗ ಇಲ್ಲದ ವಿಷ ಈಗ ಎಲ್ಲಿಂದ ಬಂತು?

ಸುಮಾ: ಬಟ್ಟಲು ಬೇರೆ, ಇದು ಬೇರೆ. ಈ ನೀರಿನಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರ ಇರುವ ಬೆಳ್ಳಿ ತುಂಡು ತಗೊಳ್ಳಿ. ಅದರ ಆರು ಮುಖ ಸೇರಿದರೆ ಬರೀ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್) ತುಂಡುಗಳಾಗಿ ಮಾಡಿದರೆ ಎಲ್ಲ ಮುಖ ಸೇರಿ 600 ಚದರ ಮೀಟರ್ ಆಗುತ್ತದೆ. ಅಂದರೆ ಐದು ಥರ್ಟಿ-ಫಾರ್ಟಿ ಸೈಟಿಗಿಂತ ಜಾಸ್ತಿ. ಬೆಳ್ಳಿ ಅಷ್ಟೇ, ಆದರೆ ನಮ್ಮ ಮೈಗೆ ತಾಗುವ ಜಾಗ ಕೋಟಿಗಟ್ಟಲೆ ಚದರ ಮಿಲಿಮೀಟರ್ ಆಯಿತು.

ಆ ಗಾತ್ರಕ್ಕೆ ಇಳಿದರೆ ಜೀವಕೋಶವೇ ಅದನ್ನು ನುಂಗಿಬಿಡುತ್ತದೆ. ನುಂಗಿದ್ದು ಹೋಗುವುದು ಒಳಗಿನ ಹುಳಿ ತುಂಬಿದ ಪುಟ್ಟ ಚೀಲಕ್ಕೆ. ಅಲ್ಲಿ ಬೆಳ್ಳಿ ನಿಧಾನವಾಗಿ ಕರಗಿ ಅಯಾನಾಗಿ, ಅಂದರೆ ವಿದ್ಯುತ್ ಆವೇಶ ಇರುವ ಬಿಡಿ ಪರಮಾಣುವಾಗಿ, ಹೊರಬರುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಗಾಗುತ್ತದಲ್ಲ, ಗಾಳಿಯಲ್ಲಿರುವ ಗಂಧಕಕ್ಕೆ ಬೆಳ್ಳಿ ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ. ನಮ್ಮ ಪ್ರೋಟೀನುಗಳಲ್ಲೂ ಗಂಧಕ ಇದೆ. ಬೆಳ್ಳಿ ಅಲ್ಲೂ ಹೋಗಿ ಅಂಟುತ್ತದೆ. ಆಗ ಪ್ರೋಟೀನಿನ ಕೆಲಸ ಕೆಡುತ್ತದೆ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗೆ ಪೆಟ್ಟು ಬೀಳುತ್ತದೆ.

ಎಂಎಸ್ಸಿಯಲ್ಲಿ ನಾನೇ ಮಾಡಿ ನೋಡಿದ್ದೇನೆ. ಅಳಗುಳಿ ಮಣೆ ಥರದ ಪ್ಲಾಸ್ಟಿಕ್ ತಟ್ಟೆ, 96 ಗುಂಡಿ. ಗುಂಡಿಗಳಲ್ಲಿ ಮನುಷ್ಯರ ಜೀವಕೋಶ. ಬೆಳ್ಳಿ ಕಣ ಹಾಕಿ ಒಂದು ದಿನ ಬಿಟ್ಟು, ಆಮೇಲೆ ಹಳದಿ ಬಣ್ಣ ಹಾಕಬೇಕು. ಬದುಕಿರುವ ಜೀವಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಕಣ ಜಾಸ್ತಿ ಹಾಕಿದ ಸಾಲು ಹಳದಿಯಾಗೇ ಉಳಿಯಿತು. ಆ ಸಾಲು ಇನ್ನೂ ಕಣ್ಣ ಮುಂದೆ ಇದೆ.

ಕಿರಣ, ಬೆಂಗಳೂರು: ಅಕ್ಕ, ಅಪ್ಪನ ಪರವಾಗಿ ಅಲ್ಲ, ಆದರೂ ಕೇಳುತ್ತೇನೆ. ತಟ್ಟೆಯಲ್ಲಿರುವ ಜೀವಕೋಶ ಮನುಷ್ಯ ಅಲ್ವಲ್ಲ? ಅದಕ್ಕೆ ಲಿವರ್ ಇಲ್ಲ, ಕಿಡ್ನಿ ಇಲ್ಲ. ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆ ಬೆಳ್ಳಿ ಮುಲಾಮು ಹಚ್ಚುತ್ತಾರೆ. ಅದು ತಪ್ಪಾ?

ಸುಮಾ: ತಪ್ಪಲ್ಲ. ನೀನು ಕೇಳಿದ್ದು ಸರಿಯಾಗಿದೆ. ತಟ್ಟೆಯಲ್ಲಿ ಸತ್ತಿತು ಅಂದ ಮಾತ್ರಕ್ಕೆ ಮೈಯಲ್ಲೂ ಸಾಯುತ್ತದೆ ಅಂತ ಹೇಳಲು ಬರುವುದಿಲ್ಲ. ರಕ್ತಕ್ಕೆ ಹೋದ ಕಣದ ಮೇಲೆ ನಮ್ಮದೇ ಪ್ರೋಟೀನು ಹೊದಿಕೆ ಥರ ಕೂರುತ್ತದೆ, ಆಗ ಅದರ ನಡತೆಯೇ ಬದಲಾಗುತ್ತದೆ. ಗಾತ್ರವೂ ಲೆಕ್ಕಕ್ಕೆ ಬರುತ್ತದೆ. 2007ರಲ್ಲಿ ಜರ್ಮನಿಯವರು ಚಿನ್ನದ ಕಣ ಹಾಕಿ ನೋಡಿದ್ದರು. 1.4 ನ್ಯಾನೋಮೀಟರ್ ಕಣ ಜೀವಕೋಶಗಳನ್ನು ಕೊಂದಿತು, 15 ನ್ಯಾನೋಮೀಟರಿನದು ಕೊಲ್ಲಲಿಲ್ಲ. ಲೋಹ ಒಂದೇ.

ಮುಲಾಮನ್ನು ಡಾಕ್ಟರು ಗಾಯಕ್ಕೆ ಹಚ್ಚುತ್ತಾರೆ, ಗಾಯ ಮಾಗಿದ ಮೇಲೆ ನಿಲ್ಲಿಸುತ್ತಾರೆ. ಇದನ್ನು ತಿಂಗಳುಗಟ್ಟಲೆ ಕುಡಿಯಿರಿ ಅನ್ನುತ್ತಿದ್ದಾರೆ. ಹೀಗೆ ಕುಡಿದವರಿಗೆ ಏನಾಗಿದೆ ಅಂತ ತಿಳಿಯಲು ತಟ್ಟೆ ಬೇಕಿಲ್ಲ. ಬೆಳ್ಳಿ ಚರ್ಮದಲ್ಲಿ ಕೂತು, ಬಿಸಿಲಿಗೆ ಮೈ ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆರ್ಜಿರಿಯಾ ಅನ್ನುತ್ತಾರೆ. ಕುಡಿಯುವುದು ಬಿಟ್ಟರೂ ಬಣ್ಣ ಹೋಗುವುದಿಲ್ಲ. ಅಮೆರಿಕದಲ್ಲಿ ಔಷಧಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ, ಇಂಥ ಬೆಳ್ಳಿ ನೀರನ್ನು ಔಷಧಿ ಅಂತ ಮಾರಲು ಅದು ಸುರಕ್ಷಿತ ಅಂತಲೂ ಒಪ್ಪಲಾಗದು, ಕಾಯಿಲೆಗೆ ಕೆಲಸ ಮಾಡುತ್ತದೆ ಅಂತಲೂ ಒಪ್ಪಲಾಗದು ಅಂತ.

ದೊಡ್ಡಪ್ಪ: ನಾವು ನಲವತ್ತು ಮಳೆಗಾಲ ಮೈಲುತುತ್ತ, ಸುಣ್ಣ ಕಲಸಿ ಕಾಫಿಗೂ ಅಡಿಕೆಗೂ ಬೋರ್ಡೋ ಹೊಡೆದವರು. ಅದೂ ತಾಮ್ರವೇ. ತಾಮ್ರದ ಚೊಂಬಿನ ನೀರು ಕುಡಿದೇ ಬೆಳೆದವರು. ನಮಗೇನೂ ಆಗಿಲ್ಲವಲ್ಲ.

ಸುಮಾ: ದೊಡ್ಡಪ್ಪ, ಚೊಂಬಿನ ತಾಮ್ರ ಹೊಟ್ಟೆಗೆ ಹೋಗುತ್ತದೆ. ಸ್ವಲ್ಪ ತಾಮ್ರ ಮೈಗೆ ಬೇಕು ಕೂಡ, ಜಾಸ್ತಿಯಾದರೆ ಲಿವರ್ ಹೊರಗೆ ಹಾಕುತ್ತದೆ. ಅದೇ ತಾಮ್ರ ಉಸಿರಿನಲ್ಲಿ ಹೋದರೆ ಬೇರೆ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಬೋರ್ಡೋ ಹೊಡೆದವರ ಶ್ವಾಸಕೋಶ ಕೆಟ್ಟಿದ್ದನ್ನು 1969ರಲ್ಲೇ ಅಲ್ಲಿನ ವೈದ್ಯರು ಬರೆದಿದ್ದಾರೆ. ತೋಟದ ಆಳುಗಳಿಗೆ ನೀವು ಮುಖಕ್ಕೆ ಏನು ಕೊಡುತ್ತೀರಿ?

ದೊಡ್ಡಪ್ಪ: ಟವೆಲ್ ಕಟ್ಟಿಕೊಳ್ಳುತ್ತಾರೆ.

ಮಂಜಣ್ಣ, ಹಾಸನ: ಸುಮಾ, ಉಸಿರು ಅಂದೆಯಲ್ಲ, ಅದಕ್ಕೇ ಕೇಳುತ್ತೇನೆ. ಶೆಡ್ಡಿನೊಳಗೆ ಜಿಐ ಪೈಪ್ ವೆಲ್ಡಿಂಗ್ ಮಾಡಿದ ದಿನ ರಾತ್ರಿ ನನಗೆ ಚಳಿ ಜ್ವರ ಬರುತ್ತದೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ನಾಳೆಗೆ ಸರಿಹೋಗುತ್ತದೆ. ಹಾಲು ಕುಡಿದರೆ ಆಯಿತು ಅನ್ನುತ್ತಾರೆ ನಮ್ಮವರೆಲ್ಲ.

ಸುಮಾ: ಮಂಜಣ್ಣ, ಇಷ್ಟು ದಿನ ಯಾಕೆ ಹೇಳಲಿಲ್ಲ? ಅದು ಸತುವಿನ ಹೊಗೆ. ಜಿಐ ಪೈಪಿನ ಮೇಲಿನ ಸತು ಬೆಂಕಿಗೆ ಆವಿಯಾಗಿ, ಗಾಳಿಯಲ್ಲಿ ನ್ಯಾನೋ ಗಾತ್ರದ ಸತುವಿನ ಆಕ್ಸೈಡ್ ಕಣವಾಗುತ್ತದೆ. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ವೆಲ್ಡಿಂಗ್ ಮಾಡುವವರಿಗೆ ಬರುವ ಈ ಜ್ವರ ಡಾಕ್ಟರುಗಳಿಗೆ ಹಳೇ ಪರಿಚಯ. ಹಾಲು ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ಬೆಸುಗೆ ಹಾಕುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಿರಿ. ಶೆಡ್ಡಿನ ಹೊರಗೆ ಮಾಡಿ, ಹೊಗೆ ಮುಖಕ್ಕೆ ಬರದ ಕಡೆ ನಿಂತುಕೊಳ್ಳಿ. ಬಟ್ಟೆ ಸಾಲದು, ಎನ್95 ಮಾಸ್ಕ್ ನಾನು ತಂದುಕೊಡುತ್ತೇನೆ. ನಿಮ್ಮ ಹತ್ತಿರ ಕೆಲಸ ಮಾಡುವ ಇಬ್ಬರು ಹುಡುಗರಿಗೂ ತರುತ್ತೇನೆ.

ಮಂಜಣ್ಣ: ಆಯಿತು. ನಾಳೆಯಿಂದ ಹೊರಗೇ ಮಾಡುತ್ತೇವೆ.

ಪುಟ್ಟತ್ತೆ: ಅಣ್ಣ, ನನಗೆ ಬಾಟಲು ಬೇಡ.

ದೊಡ್ಡಪ್ಪ: ಸರಿ. ಅಮ್ಮನಿಗೆ ಇನ್ನು ಕೊಡುವುದಿಲ್ಲ. ನನ್ನದು ನಾನು ಯೋಚನೆ ಮಾಡುತ್ತೇನೆ, ದುಡ್ಡು ಕೊಟ್ಟಿದ್ದೇನೆ. ಅಮ್ಮನ ಬಾಟಲಿನಲ್ಲಿ ಉಳಿದದ್ದನ್ನು ಗೋಬರ್ ಗ್ಯಾಸ್ ಗುಂಡಿಗೆ ಸುರಿದುಬಿಡಲಾ?

ಸುಮಾ: ಬೇಡ ಬೇಡ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆ ಗುಂಡಿ ನಡೆಯುವುದೇ ಬ್ಯಾಕ್ಟೀರಿಯಾದಿಂದ. ಮುಚ್ಚಳ ಹಾಕಿ ಹಾಗೇ ಇಡಿ, ನಾನು ಬಂದು ತಗೊಂಡು ಹೋಗುತ್ತೇನೆ. ಈಗ ಒಂದು ಕೆಲಸ ಮಾಡಿ. ಬೆಳಕಿಗೆ ಹಿಡಿದು ಅಜ್ಜಿಯ ಉಗುರಿನ ಬುಡ ನೋಡಿ. ನೀಲಿ ಬಂದಿದೆಯಾ?

ದೊಡ್ಡಪ್ಪ: ನೋಡಿದೆ. ಏನೂ ಇಲ್ಲ, ಬೆಳ್ಳಗಿದೆ. ನನ್ನದೂ ನೋಡಿಕೊಂಡೆ. ಯಾಕೋ ಕೈ ಹಿಡಿದು ಕೂತಿದ್ದೀಯ ಅಂತ ಅಮ್ಮ ಕೇಳುತ್ತಿದ್ದಾಳೆ.

ಸುಮಾ: ಶನಿವಾರ ಬರುತ್ತೇನೆ ಅಂತ ಹೇಳಿ.