5 ಅಡಿ ಟ್ಯಾಂಕ್ ರೆಡಿ ಇದೆ, ಯಾವ ಮೀನು ಬಿಡೋದು? ಮನೇಲಿ ಒಬ್ಬೊಬ್ರದ್ದು ಒಂದೊಂದು ಡಿಮ್ಯಾಂಡು

ಹೊಸಮನೆ_ಮೈಸೂರು:

ಎಲ್ರಿಗೂ ನಮಸ್ಕಾರ. ಹೊಸ ಮನೆಗೆ ಬಂದು ಮೂರು ತಿಂಗಳಾಯ್ತು, ಹಾಲ್‌ನಲ್ಲಿ ಒಂದು ಗೋಡೆ ಇದಕ್ಕೇ ಅಂತ ಖಾಲಿ ಬಿಟ್ಟಿದ್ದೆ, ಈಗ 5 ಅಡಿ ಉದ್ದ 2 ಅಡಿ ಅಗಲ 2 ಅಡಿ ಎತ್ತರದ ಟ್ಯಾಂಕ್ ಮಾಡಿಸಿದ್ದೀನಿ, 12 ಎಂಎಂ ಗ್ಲಾಸು, ಕೆಳಗೆ ಕಬ್ಬಿಣದ ಸ್ಟ್ಯಾಂಡು. ಹಿಂದೆ ಬಾಡಿಗೆ ಮನೇಲಿ 2 ಅಡಿ ಟ್ಯಾಂಕಲ್ಲಿ ಗಪ್ಪಿ, ಮಾಲಿ ಸಾಕಿದ್ದೆ, ಅನುಭವ ಅಂದ್ರೆ ಅಷ್ಟೇ. ಆ ಟ್ಯಾಂಕ್ ಈಗ ನಾದಿನಿ ಮನೇಲಿದೆ, ಚೆನ್ನಾಗೇ ಓಡ್ತಿದೆ.

ಸಮಸ್ಯೆ ಏನಂದ್ರೆ ಮನೇಲಿ ನಾಲ್ಕು ಜನ ನಾಲ್ಕು ಪಾರ್ಟಿ. ಅಪ್ಪಂಗೆ ಅರೋವಾನಾನೇ ಬೇಕು, ಯಾರೋ ವಾಸ್ತುಗೆ ಒಳ್ಳೇದು ಅಂದ್ರಂತೆ, ಅದಾಗಲ್ಲ ಅಂದ್ರೆ ಚಿನ್ನದ ಬಣ್ಣದ್ದು ಎಂಟು, ಕಪ್ಪು ಒಂದು ಇರ್ಲೇಬೇಕಂತೆ. ಹೆಂಡತಿಗೆ ಗೋಲ್ಡ್ ಫಿಶ್. ಮಗ ಮೂರನೇ ಕ್ಲಾಸು, ಯೂಟ್ಯೂಬಲ್ಲಿ ಆಸ್ಕರ್ ಕೈಯಿಂದ ತಿನ್ನೋದು ನೋಡಿ ಅದೇ ಬೇಕು ಅಂತ ಹಠ. ನನಗೆ ಒಂದಷ್ಟು ಗಿಡ ಹಾಕಿ ಸಣ್ಣ ಮೀನು ಗುಂಪಾಗಿ ಓಡಾಡೋದು ನೋಡ್ಬೇಕು ಅಂತ ಆಸೆ. ಅಂಗಡಿಯವರನ್ನ ಕೇಳಿದ್ರೆ ಟ್ಯಾಂಕ್ ದೊಡ್ಡದಲ್ವಾ ಸಾರ್, ಎಲ್ಲಾನೂ ಒಂದೊಂದು ಜೊತೆ ಬಿಡಿ, ಕ್ಲೀನ್ ಮಾಡೋಕೆ ಎರಡು ಸಕ್ಕರ್ ಮೀನು ಹಾಕಿ, ಏನೂ ಆಗಲ್ಲ ಅಂದ್ರು. ನೀರು ಕಾರ್ಪೊರೇಷನ್‌ದು, ಬೇಸಿಗೇಲಿ ಬೋರ್ ನೀರು ನೆಲದ ಸಂಪ್‌ಗೆ ಮಿಕ್ಸ್ ಆಗುತ್ತೆ. ಈ ಭಾನುವಾರ ಮೀನು ತರೋ ಪ್ಲಾನ್ ಇದೆ, ಅಷ್ಟರೊಳಗೆ ಸ್ವಲ್ಪ ಸಲಹೆ ಕೊಡಿ.

ಟ್ಯಾಂಕ್‌ಹುಚ್ಚ_ಬೆಂಗಳೂರು:

ಗುರು ಮೊದಲು ಭಾನುವಾರದ ಪ್ಲಾನ್ ಕ್ಯಾನ್ಸಲ್ ಮಾಡಿ. ಯಾವ ಮೀನು ಅನ್ನೋದು ಆಮೇಲಿನ ಮಾತು. ಹೊಸ ಟ್ಯಾಂಕಲ್ಲಿ ನೀರು ಎಷ್ಟೇ ತಿಳಿಯಾಗಿದ್ರೂ ಮೀನಿನ ಗಲೀಜು ಅರಗಿಸೋ ಬ್ಯಾಕ್ಟೀರಿಯಾ ಅದರಲ್ಲಿ ಇರಲ್ಲ. ಮೀನಿಂದ ಅಮೋನಿಯಾ ಬರುತ್ತೆ, ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷಾನೇ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಅದನ್ನ ಮೀನು ಒಂದು ಮಟ್ಟಕ್ಕೆ ತಡ್ಕೊಳುತ್ತೆ, ವಾರಕ್ಕೊಂದ್ಸಲ ನೀರು ಬದಲಾಯಿಸಿದ್ರೆ ಹತೋಟಿಲಿರುತ್ತೆ. ಇವೆರಡೂ ಫಿಲ್ಟರ್ ಒಳಗೆ ಮನೆ ಮಾಡ್ಕೊಳೋಕೆ 4ರಿಂದ 6 ವಾರ ಬೇಕು. ನಾನು ಇದ್ಯಾವುದೂ ಗೊತ್ತಿಲ್ದೆ ಮೊದಲ ವಾರಾನೇ 14 ಏಂಜಲ್ ಮೀನು ಬಿಟ್ಟು, ಹತ್ತು ದಿನದಲ್ಲಿ 11 ಎತ್ತಿ ಹಾಕಿದೆ, ನೀರು ಮಾತ್ರ ಬಿಸ್ಲೇರಿ ಥರ ಇತ್ತು.

ನಿಮಗೆ ಒಂದು ಅನುಕೂಲ ಇದೆ, ನಾದಿನಿ ಮನೆ ಟ್ಯಾಂಕು. ಅಲ್ಲಿನ ಫಿಲ್ಟರ್ ಸ್ಪಂಜ್ ಅರ್ಧ ಕೇಳಿ ಇಸ್ಕೊಂಡು ಒದ್ದೆ ಇರೋ ಹಾಗೇ ತಂದು ನಿಮ್ಮ ಫಿಲ್ಟರ್ ಒಳಗೆ ಹಾಕಿ. ದಯವಿಟ್ಟು ನಲ್ಲಿ ನೀರಲ್ಲಿ ತೊಳೀಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತೆ. ದಿನಾ ಒಂದು ಚಿಟಿಕೆ ಮೀನಿನ ಫುಡ್ ಖಾಲಿ ಟ್ಯಾಂಕಿಗೇ ಹಾಕ್ತಾ ಇರಿ, ಅದು ಕೊಳೆತು ಅಮೋನಿಯಾ ಆಗುತ್ತೆ, ಬ್ಯಾಕ್ಟೀರಿಯಾಗೆ ಅದೇ ಊಟ. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ಒಂದು ತಗೊಳ್ಳಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸ್ವಲ್ಪ ಕಾಣಿಸ್ತು ಅಂದ್ರೆ ಆಗ ಅಂಗಡಿಗೆ ಹೋಗಿ.

ಇನ್ನು ಲೆಕ್ಕ. ನಿಮ್ಮ ಟ್ಯಾಂಕ್ ತುಂಬಿದ್ರೆ 566 ಲೀಟರ್, ಮೇಲೆ ಎರಡು ಮೂರು ಇಂಚು ಬಿಟ್ಟು, ಕಲ್ಲು ಮರಳು ಕಳೆದ್ರೆ ನಿಜವಾಗಿ ಇರೋ ನೀರು 500ರ ಒಳಗೆ. ಗ್ಲಾಸು, ಮರಳು, ಸ್ಟ್ಯಾಂಡು ಸೇರಿ ಮುಕ್ಕಾಲು ಟನ್ ಹತ್ರ ತೂಕ, ಮೊದಲನೇ ಮಹಡಿ ಆಗಿದ್ರೆ ಮನೆ ಕಟ್ಟಿದ ಇಂಜಿನಿಯರ್‌ನ ಒಂದು ಮಾತು ಕೇಳಿ. ಫಿಲ್ಟರ್ ಗಂಟೆಗೆ 2000ದಿಂದ 2500 ಲೀಟರ್ ಎಳೆಯೋದು ಇರ್ಲಿ.

ಅಪ್ಪಾವ್ರ ಅರೋವಾನಾ ಆಗಲ್ಲ. ಅಂಗಡೀಲಿ ಸಿಗೋ ಸಿಲ್ವರ್ ಅರೋವಾನಾ ಅಮೆಜಾನ್ ನದೀದು, ಅಂಗೈ ಉದ್ದದ ಮರಿ ತರ್ತೀರ, ಅದು ಎರಡೂವರೆ ಮೂರು ಅಡಿಗೆ ಹೋಗೋ ಮೀನು, 2 ಅಡಿ ಅಗಲದಲ್ಲಿ ತಿರುಗೋಕೇ ಆಗಲ್ಲ, ಮೇಲಾಗಿ ಮುಚ್ಚಳ ತಳ್ಳಿ ಹಾರುತ್ತೆ. ಗೋಲ್ಡ್ ಫಿಶ್ ತಂಪು ನೀರಿನದು, ಗಲೀಜೂ ಜಾಸ್ತಿ, ಗಿಡ ಬೇರು ಸಮೇತ ಕಿತ್ತಾಕುತ್ತೆ. ಆಸ್ಕರ್ ಒಂದು ಅಡಿ ಬೆಳೆಯುತ್ತೆ, ಬಾಯಿಗೆ ಹಿಡಿಸೋದೆಲ್ಲ ಅದಕ್ಕೆ ಊಟಾನೇ. ಅಂಗಡಿಯವರು ಹೇಳಿದ ಸಕ್ಕರ್ ಇದೆಯಲ್ಲ, ಅದು ಕ್ಲೀನ್ ಮಾಡಲ್ಲ, ಅದೇ ಬುಟ್ಟಿಗಟ್ಟಲೆ ಹೇಲುತ್ತೆ, ಒಂದು ಅಡಿ ದಾಟುತ್ತೆ.

ಹುಬ್ಬಳ್ಳಿ_ಆಸ್ಕರ್:

ಎಲ್ಲಾರೂ ಆಸ್ಕರ್ ಬ್ಯಾಡ ಬ್ಯಾಡ ಅಂತೀರಿ, ನಾ ಬ್ಯಾರೆ ಹೇಳ್ತೀನ್ರಿ. ನನ್ನ ಕಡೆ ಆರು ವರ್ಷದಿಂದ ಎರಡು ಆಸ್ಕರ್ ಅದಾವ, ಇಷ್ಟ ಸೈಜಿನ ಟ್ಯಾಂಕನ್ಯಾಗ. ಡ್ಯೂಟಿ ಮುಗಿಸಿ ಬಂದು ಬಾಗಲಾ ತಗದ್ರ ಸಾಕು, ಗ್ಲಾಸಿಗೆ ಬಂದು ನಿಂದರತಾವ, ನಾಯಿ ಇದ್ದಂಗ ನೋಡ್ರಿ. ಮನಿಯವರು ಬಂದ್ರ ಒಂಥರಾ ಮಾಡ್ತಾವ, ಹೊರಗಿನವರು ಬಂದ್ರ ಮೂಲ್ಯಾಗ ಹೋಗಿ ಕುಂದರತಾವ. ನೂರು ಸಣ್ಣ ಮೀನು ಇಟ್ರೂ ನಿಮ್ಮ ಮಗಗ ಈ ಖುಷಿ ಸಿಗಂಗಿಲ್ಲ.

ಆದ್ರ ಒಂದ ಷರತ್ತು, ಆಸ್ಕರ್ ಇಟ್ರ ಆಸ್ಕರ್ ಅಷ್ಟ. ಎರಡ ಎರಡು. ಗಿಡಾ ಆಸೆ ಬಿಟ್ಟಬಿಡ್ರಿ, ಮರಳೆಲ್ಲಾ ಅಗದು ಗುಡ್ಡಾ ಮಾಡತಾವ, ಹೀಟರ್ ಗ್ಲಾಸಿಂದ ಇದ್ರ ಒಡದ ಬಿಡತಾವ, ನಂದು ಎರಡು ಹೋಗ್ಯಾವ. ಮತ್ತ ವಾರಾ ವಾರಾ ಮೂರನೇ ಒಂದು ಪಾಲು ನೀರು ಬದಲಿ ಮಾಡಾಕಬೇಕು. ನಮ್ಮೂರಾಗ ನೀರು ದಿನಾ ಬರಂಗಿಲ್ಲ, ಅದಕ್ಕ ನಾ ಎರಡು ಸಿಂಟೆಕ್ಸ್ ಡ್ರಮ್ ಇಟ್ಟೀನಿ, ನೀರು ಒಂದೆರಡು ದಿನ ತೆರೆದಿಟ್ರ ಕ್ಲೋರಿನ್ ತಾನಾ ಹಾರಿ ಹೋಗತೈತಿ, ಆಂಟಿಕ್ಲೋರಿನ್ ರೊಕ್ಕಾನೂ ಉಳೀತು.

ತುಂಗೆ_ತೀರದವಳು:

ನಾನು ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರಲ್ಲಿದ್ದೀನಿ. ನನಗೆ ಒಂದು ವಿಷಯಕ್ಕೆ ಯಾವಾಗ್ಲೂ ಬೇಜಾರು, ದೊಡ್ಡ ಟ್ಯಾಂಕ್ ತಂದ ತಕ್ಷಣ ಎಲ್ರೂ ಅಮೆಜಾನ್, ಆಫ್ರಿಕಾ ಅಂತಾರೆ, ನಮ್ಮ ಘಟ್ಟದ ಹೊಳೆಯಲ್ಲಿರೋ ಮೀನಿನ ಹೆಸರೇ ಯಾರೂ ಎತ್ತಲ್ಲ. ಸರ್, ನಿಮಗೆ ಗುಂಪಾಗಿ ಓಡಾಡೋ ಮೀನು ಬೇಕಲ್ವಾ, ಫಿಲಮೆಂಟ್ ಬಾರ್ಬ್ ಹದಿನೈದು ಬಿಟ್ಟು ನೋಡಿ. ಚಿಕ್ಕದರಲ್ಲಿ ಮೈಮೇಲೆ ಕಪ್ಪು ಪಟ್ಟೆ ಇರುತ್ತೆ, ಅಂಗಡೀಲಿ ಯಾರೂ ತಿರುಗಿ ನೋಡಲ್ಲ, ಅದಕ್ಕೇ ಅಗ್ಗ. ಬೆಳೀತಾ ಪಟ್ಟೆ ಮಾಸಿ ಬಾಲದ ಹತ್ರ ಒಂದೇ ಒಂದು ಕಪ್ಪು ಚುಕ್ಕೆ ಉಳಿಯುತ್ತೆ, ಬಾಲದ ತುದಿಗೆ ಕೆಂಪು ಏರುತ್ತೆ, ಗಂಡಿನ ಬೆನ್ನಿನ ರೆಕ್ಕೆಯಿಂದ ದಾರದ ಥರ ಎಳೆ ಎಳೆ ಹೊರಗೆ ಬರುತ್ತೆ. ಎರಡು ಗಂಡು ಎದುರಾದಾಗ ಆ ರೆಕ್ಕೆ ನಿಗುರಿಸಿಕೊಂಡು ಪಕ್ಕ ಪಕ್ಕ ಈಜೋದು ನೋಡ್ಬೇಕು ನೀವು, ನಾನು ಅನ್ನಕ್ಕೆ ಇಟ್ಟಿದ್ದು ಮರೆತು ತಳ ಹಿಡಿಸಿದ್ದೀನಿ.

ನಾಲ್ಕರಿಂದ ನಾಲ್ಕೂವರೆ ಇಂಚು ಬೆಳೆಯುತ್ತೆ, 5 ಅಡಿ ಉದ್ದ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಜೊತೆಗೆ ಮಲಬಾರ್ ಡ್ಯಾನಿಯೋ ಹತ್ತು, ಅದು ಯಾವಾಗ್ಲೂ ಮೇಲ್ಭಾಗದಲ್ಲಿ ಓಡ್ತಿರುತ್ತೆ, ನೀಲಿ ಹಳದಿ ಗೆರೆ. ಮೆಲನ್ ಬಾರ್ಬ್ ಹನ್ನೆರಡು, ಇದು ಎರಡೂವರೆ ಇಂಚು ಅಷ್ಟೇ, ಗಿಡದ ಮಧ್ಯೆ ಇರುತ್ತೆ. ಎಲ್ಲಾ ಹರಿಯೋ ನೀರಲ್ಲಿ ಬೆಳೆದವು, ಹಾಗಾಗಿ ಪಂಪಿನ ಧಾರೆ ಉದ್ದಕ್ಕೆ ಹೋಗೋ ಹಾಗೆ ಇಡಿ, ಹೊಳೆಕಲ್ಲು ಒಂದಷ್ಟು ಹಾಕಿ. ಮುಚ್ಚಳ ಮರೀಬೇಡಿ, ಡ್ಯಾನಿಯೋ ಅಂತೂ ಸಣ್ಣ ಸಂದಿ ಸಿಕ್ರೂ ಹಾರುತ್ತೆ. ಮೈಸೂರಿನ ಚಳಿಗೆ ಇವಕ್ಕೆ ಹೀಟರ್ ಕೂಡ ಬೇಕಾಗಲ್ಲ, ಆಸ್ಕರ್, ಡಿಸ್ಕಸ್ ಥರ ಬೆಚ್ಚಗಿನ ನೀರಿನ ಮೀನು ಆದ್ರೆ ಡಿಸೆಂಬರ್‌ನಲ್ಲಿ ಹೀಟರ್ ಬಿಲ್ಲು ನೋಡ್ಕೊಳ್ಳಿ.

ಮಿಸ್ ಕೇರಳ ಅಂತ ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ತೋರಿಸ್ತಾರೆ, ಚಂದಾನೇ, ಆದ್ರೆ ಬೇಡ. ಕೇರಳ ಮತ್ತು ನಮ್ಮ ಕಡೆಯ ಕೆಲವೇ ಹೊಳೆಗಳಲ್ಲಿ ಇರೋ ಮೀನು, ಟ್ಯಾಂಕಿನ ವ್ಯಾಪಾರಕ್ಕೆ ಅಂತ ಹಿಡಿದು ಹಿಡಿದು ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನಂಚಿಗೆ ಬಂದಿದೆ. ನಾನು ಹೇಳಿದ ಮೂರಕ್ಕೂ ಆ ಸ್ಥಿತಿ ಇಲ್ಲ, ಆದ್ರೂ ಫಾರ್ಮ್‌ನಲ್ಲಿ ಮರಿ ಮಾಡಿಸಿದ್ದೇ ಕೇಳಿ ತಗೊಳ್ಳಿ, ಹೊಳೆಗೆ ಬಲೆ ಹಿಡ್ಕೊಂಡು ಹೋಗ್ಬೇಡಿ ಮತ್ತೆ. ಶೃಂಗೇರಿ, ಶಿಶಿಲದಲ್ಲಿ ದೇವರ ಮೀನು ನೋಡ್ಕೊಂಡು ಬೆಳೆದ ನನಗೆ ಅದು ಹೇಗೂ ಒಗ್ಗಲ್ಲ.

ಬೋರ್‌ವೆಲ್_ತುಮಕೂರು:

ಮೇಡಂ ಹೇಳಿದ್ದು ಸರಿ ಆದ್ರೆ ಎಲ್ರೂ ನೀರಿನ ವಿಷಯ ಬಿಟ್ರಿ. ಸರ್ ಬೋರ್ ಮಿಕ್ಸ್ ಆಗುತ್ತೆ ಅಂದಿದ್ದಾರೆ, ಗಡಸು ಎಷ್ಟು ಅಂತ ನೋಡದೆ ಮೀನು ಆರಿಸೋದು ಅಳತೆ ತಗೊಳ್ದೆ ಬ್ಲೌಸ್ ಹೊಲಿಸಿದಂಗೆ. ನಮ್ಮ ಬೋರ್ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣದ ಅಳತೆ, 900 ಇದೆ, ಇಲ್ಲಿ ಕಾರ್ಡಿನಲ್ ಟೆಟ್ರಾ, ಡಿಸ್ಕಸ್ ಎಲ್ಲ ತಂದು ದುಡ್ಡು ಕಳ್ಕೊಂಡೆ, ಅವು ಮೆದು ನೀರಿನವು. ಆರ್‌ಒ ಹಾಕಿ 500 ಲೀಟರ್ ಟ್ಯಾಂಕ್ ನಡೆಸೋಕೆ ಹೋದ್ರೆ ಅದಕ್ಕಿಂತ ಜಾಸ್ತಿ ನೀರು ಚರಂಡಿಗೆ ಹೋಗುತ್ತೆ, ನಮ್ಮೂರಲ್ಲಿ ಅದು ಪಾಪ. ಕೊನೆಗೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು ಹಾಕಿದೆ, ಅಲ್ಲಿನ ನೀರಿನ ಪಿಎಚ್ಚೇ 8ರ ಮೇಲೆ, ನಮ್ಮ ನೀರು ಅವಕ್ಕೆ ತವರುಮನೆ ಇದ್ದಂಗೆ. ಹಳದಿ, ನೀಲಿ, ಸಮುದ್ರದ ಮೀನಿನ ಥರ ಬಣ್ಣ. ಜಗಳಗಂಟ ಜಾತಿ, ಕಲ್ಲು ಪೇರಿಸಿ ಸಂದಿ ಜಾಸ್ತಿ ಮಾಡ್ಬೇಕು, ನಾಲ್ಕೈದು ಅಂತ ಬಿಟ್ರೆ ಒಂದೇ ಉಳಿಯೋದು, ಇಪ್ಪತ್ತೈದು ಬಿಟ್ರೆ ಯಾರು ಯಾರಿಗೆ ಹೊಡೀಬೇಕು ಅಂತಾನೇ ಗೊತ್ತಾಗಲ್ಲ ಅವಕ್ಕೆ. ಬೇರೆ ಮೀನಿನ ಜೊತೆ ಮಾತ್ರ ಬೇಡ.

ಹೊಸಮನೆ_ಮೈಸೂರು:

ಎಲ್ರಿಗೂ ಥ್ಯಾಂಕ್ಸ್. ಟಿಡಿಎಸ್ ನೋಡಿದೆ, ಕಾರ್ಪೊರೇಷನ್ ನೀರು 180, ಬೋರ್ ಸೇರಿದ್ರೆ 420 ಬರ್ತಿದೆ. ನಾದಿನಿ ಹತ್ರ ಸ್ಪಂಜ್ ಕೇಳಿದ್ದಕ್ಕೆ ಭಾವ ಅರ್ಧ ಗಂಟೆ ನಕ್ಕರು, ಆದ್ರೂ ಕೊಟ್ರು. ಟ್ಯಾಂಕ್ ಓಡ್ತಿದೆ, ಒಳಗೆ ಏನೂ ಇಲ್ಲ, ಮಗ ಬಂದೋರಿಗೆಲ್ಲ ಇದು ಬ್ಯಾಕ್ಟೀರಿಯಾ ಟ್ಯಾಂಕು ಅಂತ ತೋರಿಸ್ತಿದ್ದಾನೆ. ಬಾರ್ಬ್ ಕಡೆಗೇ ಮನಸ್ಸು ವಾಲಿದೆ. ಎಲ್ಲಾ ಒಂದೇ ಸಲ ತರ್ಲಾ? ಕೆಳಗಡೆ ಓಡಾಡೋಕೆ ಏನಾದ್ರೂ ಬೇಕಾ? ಮಗ ಆಸ್ಕರ್ ಬಿಡ್ತಿಲ್ಲ, ಮರಿ ಇದ್ದಾಗ ಸಾಕಿ ದೊಡ್ಡದಾದ್ಮೇಲೆ ಕುಕ್ಕರಹಳ್ಳಿ ಕೆರೆಗೆ ಬಿಡೋಣ ಅಂತಾನೆ.

ಟ್ಯಾಂಕ್‌ಹುಚ್ಚ_ಬೆಂಗಳೂರು:

ಕೆರೆ ಮಾತು ಮಾತ್ರ ಬೇಡವೇ ಬೇಡ. ಸಕ್ಕರ್ ಹೀಗೇ ಜನ ಬಿಟ್ಟು ಬಿಟ್ಟು ಈಗ ನಮ್ಮ ಕೆರೆಗಳಲ್ಲಿ ಬಲೆ ಹಾಕಿದ್ರೆ ಅದೇ ಬರುತ್ತೆ, ಮುಳ್ಳಿಗೆ ಬಲೆ ಹರಿಯುತ್ತೆ, ತಿನ್ನೋರೂ ಇಲ್ಲ. 2018ರ ಕೇರಳ ಪ್ರವಾಹ ಆದ್ಮೇಲೆ ಯಾರೋ ಸಾಕಿದ್ದ ಅರಾಪೈಮಾ, ಅಮೆಜಾನಿನ ದೈತ್ಯ ಮೀನು, ಚಾಲಕುಡಿ ಹೊಳೇಲಿ ಸಿಕ್ಕಿತ್ತು. ಮಗನ್ನ ಯಾವುದಾದ್ರೂ ದೊಡ್ಡ ಅಕ್ವೇರಿಯಂಗೆ ಒಂದ್ಸಲ ಕರ್ಕೊಂಡು ಹೋಗಿ, ಮೀನು ಪೂರ್ತಿ ಬೆಳೆದ್ರೆ ಎಷ್ಟು ಗಾತ್ರ ಅಂತ ಅವನೇ ನೋಡ್ಲಿ.

ಒಂದೇ ಸಲ ಬೇಡ. ಮೊದಲು ಡ್ಯಾನಿಯೋ ಹತ್ತು, ಅವು ಗಟ್ಟಿ ಪಿಂಡ. ಎರಡು ವಾರ ಟೆಸ್ಟ್ ನೋಡಿ ಸರಿ ಇದ್ರೆ ಮೆಲನ್, ಮತ್ತೆ ಎರಡು ವಾರ ಬಿಟ್ಟು ಫಿಲಮೆಂಟ್ ಮರಿ. ಕೆಳಗೆ ಕೋರಿಡೋರಸ್ ಅಂತ ತಳದಲ್ಲಿ ಓಡಾಡೋ ಸಣ್ಣ ಮೀಸೆ ಮೀನು ಎಂಟು ಹಾಕಿ, ಆದ್ರೆ ಜಲ್ಲಿ ಅಲ್ಲ, ನುಣುಪು ಮರಳೇ ಇರ್ಬೇಕು, ಇಲ್ಲಾಂದ್ರೆ ಮೀಸೆ ಸವೆದು ಹೋಗುತ್ತೆ. ನಿಮ್ಮ ಟಿಡಿಎಸ್‌ಗೆ ಇವೆಲ್ಲ ಆರಾಮಾಗಿರುತ್ತೆ, ಬೇಸಿಗೇಲಿ ಬೋರ್ ನೀರು ಒಂದೇ ಸಲ ಜಾಸ್ತಿ ಸುರೀಬೇಡಿ ಅಷ್ಟೇ. ಕರೆಂಟ್ ಹೋದಾಗ ಏರ್ ಪಂಪ್ ಇನ್ವರ್ಟರ್ ಲೈನಿಗೆ ಇರ್ಲಿ.

ಹುಬ್ಬಳ್ಳಿ_ಆಸ್ಕರ್:

ಹುಡುಗಗ ಹೇಳ್ರಿ, ಬಾರ್ಬ್ ಸೈತ ಕೈಯಾಗಿಂದ ತಿಂತಾವ, ಒಂದ ತಿಂಗಳ ದಿನಾ ಒಂದ ಟೈಮಿಗೆ ಹಾಕಿದ್ರ ಸಾಕು. ಆಸ್ಕರ್ ನೋಡಾಕ ಹುಬ್ಬಳ್ಳಿಗೆ ಬರ್ರಿ.

ಹೊಸಮನೆ_ಮೈಸೂರು:

ಆರನೇ ವಾರದ ಅಪ್ಡೇಟ್. ಸ್ಪಂಜ್ ಹಾಕಿದ್ದಕ್ಕೆ ಹದಿನೆಂಟನೇ ದಿನಕ್ಕೇ ಅಮೋನಿಯಾ, ನೈಟ್ರೈಟ್ ಸೊನ್ನೆ ಬಂತು, ಡ್ಯಾನಿಯೋ ಹತ್ತು ಬಿಟ್ಟೆ, ಒಂದು ಮೊದಲ ರಾತ್ರಿನೇ ವೈರ್ ಹೋಗೋ ತೂತಿಂದ ಹಾರಿ ಸತ್ತೋಯ್ತು, ಮೇಡಂ ಹೇಳಿದ್ರು, ನಾನೇ ಸರಿಯಾಗಿ ಮುಚ್ಚಿರ್ಲಿಲ್ಲ. ಉಳಿದ ಒಂಬತ್ತು ಚೆನ್ನಾಗಿವೆ. ಎರಡು ವಾರ ಆದ್ಮೇಲೆ ಮೆಲನ್ ಹನ್ನೆರಡು ಬಂತು. ಹೆಂಡತಿ ಗೋಲ್ಡ್ ಫಿಶ್‌ಗೆ ಪೋರ್ಟಿಕೋದಲ್ಲಿ ದೊಡ್ಡ ಸಿಮೆಂಟ್ ತೊಟ್ಟಿ ಇಟ್ಟು ಬೇರೆ ಫಿಲ್ಟರ್ ಹಾಕ್ತಾ ಇದ್ದೀನಿ, ಮೇಲೆ ಬೆಕ್ಕಿಗೆ ಜಾಲರಿ. ಅಪ್ಪನ್ನ ಒಪ್ಪಿಸೋದೇ ಕಷ್ಟ ಆಗಿತ್ತು, ಫಿಲಮೆಂಟ್ ಬಾರ್ಬ್ ಫೋಟೋ ತೋರಿಸಿ, ನೋಡಪ್ಪಾ ಒಂದೊಂದಕ್ಕೂ ಬಾಲದ ಹತ್ರ ದೃಷ್ಟಿಬೊಟ್ಟು ಇಟ್ಕೊಂಡೇ ಹುಟ್ಟುತ್ತೆ ಇದು ಅಂದೆ. ಫೋನ್ ಇಸ್ಕೊಂಡು ಸುಮಾರು ಹೊತ್ತು ನೋಡಿದ್ರು. ಹದಿನೈದು ಬೇಡ, ಹದಿನಾರು ತಗೊಂಡು ಬಾ, ಎರಡು ಎಂಟು ಆಗುತ್ತೆ ಅಂದ್ರು.