ವರ್ಕ್‌ಶಾಪ್‌ಗೆ ಮೈಸೂರಿಗೆ ಹೋಗಬೇಕಾ? ಹೋಗಿ ಬಂದವರು ಹೇಳಿ

ಮಡಿಕೇರಿ ಬಿಸಿಎ: ಕೊನೆ ವರ್ಷದಲ್ಲಿದ್ದೇನೆ. ಮೈಸೂರಿನ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಮುಂದಿನ ತಿಂಗಳು ನಾಲ್ಕು ಉಪನ್ಯಾಸ ಇವೆ, ಪುಕ್ಕಟೆ. ಎರಡು ದಿನದ ಮಷೀನ್ ಲರ್ನಿಂಗ್ ವರ್ಕ್‌ಶಾಪ್‌ಗೆ 800 ರೂಪಾಯಿ. ಉಪನ್ಯಾಸ ಕೇಳಿ ಬಂದರೆ ಸಾಕಾ, ಇದಕ್ಕೂ ಸೇರಲಾ?

ರೋಬಸ್ಟಾ: ಎರಡು ವರ್ಷದ ಹಿಂದೆ ಇಂಥದ್ದೇ ಒಂದಕ್ಕೆ ಹೋಗಿದ್ದೆ. ಯಾವ ಕಾಲೇಜು ಅಂತ ಹೇಳಲ್ಲ. ಫೀ 600, ಲಾಡ್ಜ್ 900, ಬಸ್ಸು 320, ಆಟೋದವನು ಮಳೆ ಅಂತ 150 ಕಿತ್ತ. ಸರ್ಟಿಫಿಕೇಟ್ ಲ್ಯಾಮಿನೇಷನ್‌ಗೆ 40, ಅದೂ ನನ್ನ ತಲೆಗೇ. ಮೊದಲ ದಿನ ದೀಪ ಬೆಳಗಿ, ಶಾಲು ಹೊದಿಸಿ, ಭಾಷಣ ಮುಗಿಯುವಾಗ ಹನ್ನೊಂದೂವರೆ. ಆಮೇಲೆ ಅರವತ್ತು ಜನ ಒಂದೇ ವೈಫೈಗೆ ಬಿದ್ದೆವು. ಟೆನ್ಸರ್‌ಫ್ಲೋ, ಅಂದ್ರೆ ಮಷೀನ್ ಲರ್ನಿಂಗ್‌ಗೆ ಬೇಕಾದ ಸಾಫ್ಟ್‌ವೇರ್, ನೂರಾರು ಎಂಬಿ ಅಲ್ವಾ? ಡೌನ್‌ಲೋಡ್ 38 ಪರ್ಸೆಂಟ್‌ಗೆ ನಿಂತಿತು. ಊಟ ಮಾಡಿ ಬಂದು ನೋಡಿದರೂ 38.

ಕುಶಾಲನಗರದ ಅಕ್ಕ: ತಪ್ಪು ನಿಮ್ಮದೇ. ಹಿಂದಿನ ರಾತ್ರಿ ಮನೆಯಲ್ಲೇ ಹಾಕಿಕೊಂಡು ಹೋಗಬೇಕಿತ್ತು. ಇಲ್ಲಾ ಬ್ರೌಸರ್‌ನಲ್ಲೇ ಕೋಡ್ ಬರೆಯೋ ಗೂಗಲ್‌ನ ಕೋಲ್ಯಾಬ್ ತೆರೆದರೆ ಮುಗೀತು, ಕೋಡ್ ಓಡೋದು ಗೂಗಲ್ ಮಷೀನಿನಲ್ಲಿ. ನಾನು ಬರೀ ಉಪನ್ಯಾಸಕ್ಕೆ ಹೋದವಳು. ಟ್ರಾನ್ಸ್‌ಫಾರ್ಮರ್ ಮೇಲೆ ಒಂದು ಗಂಟೆ, ಕರೆಂಟಿನದಲ್ಲ, ಚಾಟ್‌ಜಿಪಿಟಿ ಥರದವುಗಳ ಒಳಗಿರೋ ಮಾದರಿ. ಅದನ್ನು ಪರಿಚಯಿಸಿದ 2017ರ ಸಂಶೋಧನಾ ಪೇಪರನ್ನು ಮೊದಲೇ ಎರಡು ಸಲ ಓದಿದ್ದೆ, ಅರ್ಧ ತಲೆಗೆ ಹತ್ತಿರಲಿಲ್ಲ. ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ಆ ಅರ್ಧವನ್ನೇ ಕೇಳಿದೆ. ಬೋರ್ಡಿನಲ್ಲಿ ಚಿತ್ರ ಬರೆದು ತೋರಿಸಿದರು. ನನ್ನ ಪ್ರಾಜೆಕ್ಟ್ ಹುಟ್ಟಿದ್ದೇ ಅಲ್ಲಿ.

ರೋಬಸ್ಟಾ: ಹಿಂದಿನ ರಾತ್ರಿಯಾ? ನಮ್ಮಲ್ಲಿ ಆಗ ಮೂರು ದಿನದಿಂದ ಕರೆಂಟಿಲ್ಲ. ಟವರ್ ಕೂಡ ಸತ್ತಿತ್ತು. ನೀವು ಬಯಲುಸೀಮೆ ಅಂಚಿನಲ್ಲಿ ಕೂತು ಸುಮ್ನೆ ಮಾತಾಡ್ತೀರಿ.

ಕುಶಾಲನಗರದ ಅಕ್ಕ: ಹೊಳೆ ಉಕ್ಕಿ ಮನೆಯೊಳಗೆ ಬಂದಾಗ ಯಾವ ಬಯಲುಸೀಮೆ ಸ್ವಾಮಿ?

ಒಂದು ಮಾರ್ಕು: ಎರಡೂ ಬೇಡ. ಐಐಟಿಯವರ ಆನ್‌ಲೈನ್ ಕೋರ್ಸ್ ಇರೋ ಎನ್‌ಪಿಟಿಇಎಲ್‌ನಲ್ಲಿ ಹನ್ನೆರಡು ವಾರ ಪುಕ್ಕಟೆ ಕಲಿಯಿರಿ, ದುಡ್ಡು ಪರೀಕ್ಷೆಗೆ ಮಾತ್ರ. ನಾನು 1000 ಕಟ್ಟಿದ್ದೆ. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 23. ಪರೀಕ್ಷೆಯಲ್ಲಿ 75ಕ್ಕೆ 29. ಪಾಸಾಗೋಕೆ 30 ಬೇಕು. ಒಂದು ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಸಾಲು, ಕಂಬ ಅದಲುಬದಲು ಮಾಡಿದ್ದೆ. ಈಗಲೂ ರಾತ್ರಿ ನೆನಪಾಗುತ್ತದೆ.

ರೋಬಸ್ಟಾ: ಫೇಲಾದವರು ಸಲಹೆ ಕೊಡ್ತಿದ್ದಾರೆ!

ಒಂದು ಮಾರ್ಕು: ಕಲಿತಿದ್ದು ಫೇಲಾಗಿಲ್ಲ. ನಿಮ್ಮ ಲ್ಯಾಮಿನೇಷನ್‌ಗಿಂತ ಜಾಸ್ತಿ ಬರುತ್ತದೆ ನನಗೆ.

ಗೋಣಿಕೊಪ್ಪಲು: ಬಸ್ಸಿಗೆ 320 ಯಾಕೆ? ತಿತಿಮತಿ, ಹುಣಸೂರು ಮೇಲೆ ಹೋಗಬೇಕಿತ್ತು.

ಕುಶಾಲನಗರದ ಅಕ್ಕ: ಕೇಳಿದವರು ಮಡಿಕೇರಿಯವರು ಅಣ್ಣಾ. ಪಿರಿಯಾಪಟ್ಟಣ ಬಿಟ್ಟು ಕಾಡು ಸುತ್ತೋದು ಯಾಕೆ? ಅಲ್ಲಿ ಆನೆ ಬೇರೆ.

ಗೋಣಿಕೊಪ್ಪಲು: ಆನೆ ನಿಮ್ಮ ಕಡೆ ಇಲ್ವಾ? ಒಂದು ಸಲ ಆನೆಚೌಕೂರು ಹತ್ತಿರ ಒಂಟಿ ಸಲಗ ನಿಂತಿತ್ತು. ಡ್ರೈವರ್ ಎಂಜಿನ್ ಆಫ್ ಮಾಡಿದ. ನಲವತ್ತು ನಿಮಿಷ ಒಬ್ಬರೂ ಕೆಮ್ಮಲಿಲ್ಲ. ನಾನೂ ವರ್ಕ್‌ಶಾಪ್‌ಗೇ ಹೊರಟಿದ್ದೆ. ದೀಪ ಬೆಳಗೋದು ತಪ್ಪಿತು, ಅಷ್ಟೇ.